ಚಿತ್ರ ಪುಟವಾಗುವಾಗ ಕೈ ತಡೆಯುವ ಜಾಗಗಳು

ತೊಂಬತ್ತರ ದಶಕದ ಕೊನೆಯ ವೆಬ್ ಪುಟಗಳಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಚಿತ್ರ ಕೂತಿರುತ್ತಿತ್ತು. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರ, ಬಣ್ಣವೇ ಇಲ್ಲದ ಪಾರದರ್ಶಕ ಚುಕ್ಕೆ. ಅದನ್ನು ಪುಟದ ನಡುವೆ ತುರುಕಿ ‘ಅಗಲ 20’ ಎಂದು ಬರೆದರೆ ಪಕ್ಕದ ಅಕ್ಷರಗಳು ಇಪ್ಪತ್ತು ಪಿಕ್ಸೆಲ್ ಆಚೆ ಸರಿಯುತ್ತಿದ್ದವು. ಅಷ್ಟೇ ಅದರ ಕೆಲಸ. ಡೇವಿಡ್ ಸೀಗಲ್ ಎಂಬ ಅಮೆರಿಕನ್ ವಿನ್ಯಾಸಕಾರ 1996ರಲ್ಲಿ ಹೊರತಂದ ‘ಕ್ರಿಯೇಟಿಂಗ್ ಕಿಲ್ಲರ್ ವೆಬ್ ಸೈಟ್ಸ್’ ಪುಸ್ತಕ ಈ ಉಪಾಯವನ್ನು ಊರೂರಿಗೆ ಮುಟ್ಟಿಸಿತು. ಬರೆದ ಚಿತ್ರ ಹೇಗಿದೆಯೋ ಪುಟವೂ ಹಾಗೇ ಬರಬೇಕು ಎಂಬ ಹಟ ಹೆಚ್ಚುಕಡಿಮೆ ವೆಬ್‌ನಷ್ಟೇ ಹಳೆಯದು.

ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ 1991ರಲ್ಲಿ ಜಗತ್ತಿಗೆ ಕೊಟ್ಟ ವೆಬ್‌ಗೆ ಮಾತ್ರ ಅಂಥ ಹಟ ಇರಲಿಲ್ಲ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಬರೆದವರು ಹೇಳಿದರೆ ಮುಗಿಯಿತು. ಹೇಗೆ ತೋರಿಸಬೇಕೆಂಬುದು ಓದುವವರ ಬ್ರೌಸರಿಗೆ ಬಿಟ್ಟದ್ದು. ಭೌತವಿಜ್ಞಾನಿಗಳಿಗೆ ಅಷ್ಟು ಸಾಕಿತ್ತು. ಆಮೇಲೆ ಬಂದವರು ಪತ್ರಿಕೆ, ಜಾಹೀರಾತು, ಕ್ಯಾಟಲಾಗ್ ಮಾಡಿ ಪಳಗಿದ ಕೈಗಳು. ಕಾಗದಕ್ಕೆ ಅಂಚಿದೆ, ಎಲ್ಲಿ ಇಟ್ಟ ಅಕ್ಷರ ಅಲ್ಲೇ ಇರುತ್ತದೆ. ಪರದೆಯೂ ಹಾಗೇ ಮಾತು ಕೇಳಬೇಕೆಂದು ಅವರು ಬಯಸಿದ್ದು ಸಹಜವೇ. ಹೋಕನ್ ವಿಯುಮ್ ಲೀ 1994ರಲ್ಲಿ, ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆಯಾದ ಸಿಎಸ್‌ಎಸ್ ಪ್ರಸ್ತಾಪಿಸಿ, 1996ರ ಡಿಸೆಂಬರಿನಲ್ಲಿ ಅದು ಮಾನದಂಡವಾದರೂ ಬ್ರೌಸರುಗಳು ಅದನ್ನು ನೆಟ್ಟಗೆ ಪಾಲಿಸಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ, ಅಂಕಿಅಂಶ ತೋರಿಸಲೆಂದು ಇದ್ದ ಟೇಬಲ್ಲನ್ನೇ ವಿನ್ಯಾಸದ ಚೌಕಟ್ಟಾಗಿ ದುಡಿಸಿಕೊಂಡರು.

1999ರಲ್ಲಿ ಬಂದ ಫೋಟೊಶಾಪ್ 5.5ರ ಜೊತೆಗೆ ಇಮೇಜ್‌ರೆಡಿ ಎಂಬ ಇನ್ನೊಂದು ತಂತ್ರಾಂಶವೂ ಸಿಗುತ್ತಿತ್ತು. ಬರೆದ ಚಿತ್ರದ ಮೇಲೆ ಗೆರೆ ಎಳೆದು ಹೋಳು ಮಾಡಿದರೆ ಸಾಕು, ಹೋಳುಗಳೆಲ್ಲ ಬೇರೆ ಬೇರೆ ಚಿತ್ರಗಳಾಗಿ, ಅವನ್ನು ಜೋಡಿಸುವ ಟೇಬಲ್ ಕೋಡ್ ಸಮೇತ ಹೊರಬರುತ್ತಿದ್ದವು. ಒಂದು ಸಾಲೂ ಬರೆಯದೆ ಚಿತ್ರ ಪುಟವಾಗುತ್ತಿತ್ತು. ಇಂದು ‘ಡಿಸೈನ್ ಟು ಕೋಡ್’ ಎಂದು ಮಾರುವ ಸಲಕರಣೆಗಳ ಅಜ್ಜ ಇದೇ. ನೋಡಲು ತದ್ರೂಪು. ಆದರೆ ಮೆನುವಿನ ಅಕ್ಷರಗಳೂ ಚಿತ್ರ, ಶೀರ್ಷಿಕೆಯೂ ಚಿತ್ರ. ಹುಡುಕು ಯಂತ್ರಕ್ಕೆ ಅದು ಕಾಣದು, ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಕೇಳಿಸದು, ಒಂದು ಕಾಗುಣಿತ ತಿದ್ದಬೇಕೆಂದರೆ ಮತ್ತೆ ಫೋಟೊಶಾಪ್ ತೆರೆಯಬೇಕು.

ಕನ್ನಡಕ್ಕೆ ಆ ಕಾಲದಲ್ಲಿ ಬೇರೆ ದಾರಿಯೂ ಕಡಿಮೆ ಇತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟ್ ಸಮೇತ ಬರುವ ಮೊದಲು, ಸಾಮಾನ್ಯ ಕಂಪ್ಯೂಟರಿನಲ್ಲಿ ಕನ್ನಡ ಪುಟ ತೆರೆದರೆ ಕನ್ನಡವೇ ಕಾಣುತ್ತದೆಂಬ ಭರವಸೆ ಇರಲಿಲ್ಲ. ಓದುಗರು ಫಾಂಟನ್ನು ಇಳಿಸಿಕೊಳ್ಳಬೇಕು, ಇಲ್ಲವೇ ಪುಟ ಮಾಡುವವರು ಕನ್ನಡವನ್ನು ಚಿತ್ರವಾಗಿಸಿ ಅಂಟಿಸಬೇಕು. ಅಂಟಿಸಿದ ಅಂಥ ಶೀರ್ಷಿಕೆಗಳಲ್ಲಿ ಎಷ್ಟೋ ಇಂದು ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಚಿತ್ರ ಸುಂದರವಾಗಿ ಬಂದರೂ ಮಾತು ಕಳೆದುಹೋಗಬಹುದು ಎಂಬುದನ್ನು ನಮ್ಮ ಭಾಷೆ ಬೇಗನೆ ಕಂಡುಕೊಂಡಿತು.

‘ಪಿಎಸ್‌ಡಿ ಕಳಿಸಿದ್ದೀವಿ, ಬೆಳಿಗ್ಗೆಗೆ ಬೇಕು’

ಇಮೇಜ್‌ರೆಡಿಯ ಕೋಡು ಒರಟು. ಹಾಗಾಗಿ ಈ ಶತಮಾನದ ಮೊದಲ ದಶಕದಲ್ಲಿ ಒಂದು ಹೊಸ ಕಸುಬೇ ಹುಟ್ಟಿಕೊಂಡಿತು: ಪಿಎಸ್‌ಡಿ ಟು ಎಚ್‌ಟಿಎಂಎಲ್. ಅಮೆರಿಕ, ಯುರೋಪಿನ ಡಿಸೈನರುಗಳು ಫೋಟೊಶಾಪ್ ಫೈಲ್ ಕಳಿಸುವುದು, ಪೂರ್ವ ಯುರೋಪ್ ಅಥವಾ ಭಾರತದ ಕೆಲಸಗಾರರು ಅದನ್ನು ಕೈಯಾರೆ ಕೋಡ್ ಮಾಡಿ ತಿರುಗಿ ಕಳಿಸುವುದು, ಪುಟಕ್ಕೆ ಇಷ್ಟು ಡಾಲರ್ ಎಂಬ ದರ. ಬೆಂಗಳೂರು, ಮೈಸೂರಿನ ಸಣ್ಣ ಕಚೇರಿಗಳಲ್ಲೂ ಬಹಳಷ್ಟು ಜನ ಈ ಕೆಲಸದಿಂದಲೇ ವೆಬ್‌ಗೆ ಕಾಲಿಟ್ಟರು. ಡಿಸೈನಿನ ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ, ಬ್ರೌಸರಿನ ಪುಟದ ಮೇಲೆ ಹೊದಿಸಿ, ಎರಡೂ ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ ಎಂದು ನೋಡಿಕೊಳ್ಳುತ್ತಿದ್ದರು. ‘ಪಿಕ್ಸೆಲ್ ಪರ್ಫೆಕ್ಟ್’ ಎಂಬುದು ಆ ದಿನಗಳ ಮೆಚ್ಚುಗೆಯ ಮಾತು. ಮಾನದಂಡಕ್ಕೆ ಬಗ್ಗದ ಬ್ರೌಸರಾದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲೂ ಹಾಗೇ ಕಾಣುವಂತೆ ಮಾಡಿದವರಿಗೆ ಟೀಮಿನಲ್ಲಿ ಬೇರೆಯೇ ಗೌರವ.

ಆ ಕೆಲಸ ಬೇಸರದ್ದು, ನಿಜ. ಆದರೆ ಅದರೊಳಗೆ ಒಂದು ಬೆಲೆಬಾಳುವ ಸಂಗತಿ ನಡೆಯುತ್ತಿತ್ತು. ಈ ಲೇಖನ ಬರೆಯಲು ಕಾರಣವೂ ಅದೇ. ಚಿತ್ರ ನೋಡಿಕೊಂಡು ಕೈಯಲ್ಲಿ ಕೋಡ್ ಬರೆಯುವವರು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಚಿತ್ರದಲ್ಲಿ ಐದು ಆರ್ಡರುಗಳ ಪಟ್ಟಿ ಇದೆ. ಹೊಸ ಗ್ರಾಹಕರಿಗೆ ಆರ್ಡರೇ ಇರುವುದಿಲ್ಲವಲ್ಲ, ಆಗ ಇಲ್ಲಿ ಏನು ಬರಬೇಕು? ಕೈ ತಡೆಯುತ್ತದೆ. ಎದ್ದು ಡಿಸೈನರ್ ಕೂತಲ್ಲಿಗೆ ಹೋಗುತ್ತಾರೆ.

‘ಮೇಡಂ, ಒಂದೂ ಆರ್ಡರ್ ಇಲ್ಲ ಅಂದ್ರೆ ಈ ಜಾಗದಲ್ಲಿ ಏನು ತೋರಿಸೋದು?’

‘ಅಯ್ಯೋ, ಅದಕ್ಕೆ ಸ್ಕ್ರೀನೇ ಮಾಡಿಲ್ಲ ಅಲ್ವಾ. ಊಟ ಆದ್ಮೇಲೆ ಕೊಡ್ತೀನಿ.’

‘ನೆಟ್ ಕೈಕೊಟ್ರೆ?’

‘ಅದೂ ಕೊಡ್ತೀನಿ ಬಿಡಿ.’

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಯಲ್ಲಾದರೂ ಕೇಳಿಬರುವ ಮಾತು ಇದು. ಪುಟ ನಿಜವಾಗಿ ತಯಾರಾಗುತ್ತಿದ್ದುದು ಈ ನಾಲ್ಕು ಮಾತಿನಲ್ಲಿ. ಸಿನಿಮಾ ನಟಿಯ ಫೋಟೊ ತೋರಿಸಿ ಇದೇ ಥರ ರವಿಕೆ ಹೊಲಿದುಕೊಡಿ ಎಂದರೆ, ಒಳ್ಳೆಯ ದರ್ಜಿ ಫೋಟೊ ನೋಡಿ ಮುಗಿಸದೆ ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಾರೆ. ಫೋಟೊದಲ್ಲಿ ಇರುವುದು ಇನ್ನೊಬ್ಬರ ಅಳತೆ. ಚಿತ್ರವನ್ನು ತಾವೇ ಕೋಡಾಗಿಸುವ ಇಂದಿನ ಹೊಸ ಸಲಕರಣೆಗಳ ವೇಗವನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ಆತಂಕ ಇರುವುದು ಒಂದೇ ಕಡೆ: ಅವು ನಿಲ್ಲುವುದಿಲ್ಲ. ಕೈ ತಡೆಯಬೇಕಾದ ಜಾಗದಲ್ಲೂ ಏನೋ ಒಂದನ್ನು ತುಂಬಿ ಮುಂದೆ ಹೋಗುತ್ತವೆ. ಕೇಳಬೇಕಾಗಿದ್ದ ಪ್ರಶ್ನೆ ಕೇಳದೆಯೇ ಉಳಿಯುತ್ತದೆ.

ಚಿತ್ರ ಓದಲು ಕಲಿತ ಯಂತ್ರ

ಕೈಯಲ್ಲಿ ಗೀಚಿದ್ದನ್ನು ಕಂಪ್ಯೂಟರು ಅರ್ಥ ಮಾಡಿಕೊಳ್ಳಬೇಕು ಎಂಬ ಕನಸು ಇವತ್ತಿನದಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಲ್ಯಾಂಡೆ ಮತ್ತು ಬ್ರ್ಯಾಡ್ ಮಯರ್ಸ್ 1995ರಲ್ಲೇ ‘ಸಿಲ್ಕ್’ ಎಂಬ ವ್ಯವಸ್ಥೆ ತೋರಿಸಿದ್ದರು. ಎಲೆಕ್ಟ್ರಾನಿಕ್ ಪೆನ್ನಿನಲ್ಲಿ ಪೆಟ್ಟಿಗೆ ಎಳೆದು ಒಳಗೆ ಗೀಚಿದರೆ, ಇದು ಬಟನ್ನು, ಇದು ಸ್ಕ್ರೋಲ್ ಪಟ್ಟಿ ಎಂದು ಅದು ಗುರುತಿಸುತ್ತಿತ್ತು. ಆ ಗೀಚಿನ ಮೇಲೇ ಒತ್ತಿ ಪರೀಕ್ಷಿಸಲೂ ಬರುತ್ತಿತ್ತು.

ದೊಡ್ಡ ಹೆಜ್ಜೆ 2017ರದ್ದು. ಕೋಪನ್‌ಹೇಗನ್‌ನ ಟೋನಿ ಬೆಲ್ಟ್ರಮೆಲ್ಲಿ ‘ಪಿಕ್ಸ್2ಕೋಡ್’ ಎಂಬ ಪ್ರಬಂಧ ಪ್ರಕಟಿಸಿದರು. ಒಂದು ನ್ಯೂರಲ್ ಜಾಲ ಸ್ಕ್ರೀನ್‌ಶಾಟ್ ನೋಡುತ್ತದೆ, ಇನ್ನೊಂದು ಅದಕ್ಕೆ ತಕ್ಕ ಕೋಡನ್ನು ಒಂದೊಂದೇ ಪದವಾಗಿ ಊಹಿಸುತ್ತ ಹೋಗುತ್ತದೆ. ಐಫೋನ್, ಆಂಡ್ರಾಯ್ಡ್, ವೆಬ್ ಮೂರರಲ್ಲೂ 77%ಗಿಂತ ಹೆಚ್ಚಿನ ನಿಖರತೆ ಎಂದು ಪ್ರಬಂಧ ಹೇಳಿತು. ಸುದ್ದಿ ಜೋರಾಯಿತು, ಡೆವಲಪರುಗಳ ಕೆಲಸ ಹೋಯಿತು ಎಂಬ ಶೀರ್ಷಿಕೆಗಳೂ ಬಂದವು. ಆ ಪ್ರಯೋಗವನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದು ವಿಷಯ ಕಾಣುತ್ತಿತ್ತು. ಅದು ಕಲಿತದ್ದು ಅದಕ್ಕೆಂದೇ ತಯಾರಿಸಿದ ಸರಳ ಪುಟಗಳಿಂದ, ಬರೆಯುತ್ತಿದ್ದುದು ಕೆಲವೇ ಪದಗಳ ಪುಟ್ಟ ಭಾಷೆಯಲ್ಲಿ. ಬಟನ್ನಿನ ಮೇಲೆ ಏನು ಬರೆದಿದೆ ಎಂಬುದು ಅದಕ್ಕೆ ಬೇಕೇ ಇರಲಿಲ್ಲ. ಹೊರಬಂದ ಪುಟದಲ್ಲಿ ಬಟನ್ನುಗಳು ತಮ್ಮ ತಮ್ಮ ಜಾಗದಲ್ಲಿ ಇರುತ್ತಿದ್ದವು, ಅವುಗಳ ಮೇಲೆ ಅರ್ಥವಿಲ್ಲದ ಅಕ್ಷರಗಳು ಉದುರಿರುತ್ತಿದ್ದವು. ಬೆಲ್ಟ್ರಮೆಲ್ಲಿ ಅದೇ ವಿಚಾರದ ಮೇಲೆ ‘ಉಯಿಜಾರ್ಡ್’ ಎಂಬ ಕಂಪನಿ ಬೆಳೆಸಿದರು. ಏರ್‌ಬಿಎನ್‌ಬಿ 2017ರಲ್ಲಿ, ಮೈಕ್ರೋಸಾಫ್ಟ್ 2018ರಲ್ಲಿ, ಬಿಳಿಹಲಗೆಯ ಮೇಲೆ ಬರೆದದ್ದನ್ನು ಪುಟವಾಗಿಸುವ ತಮ್ಮ ತಮ್ಮ ಪ್ರಯೋಗಗಳನ್ನು ತೋರಿಸಿದವು.

2023ರ ಮಾರ್ಚ್ 14ರಂದು ಓಪನ್‌ಎಐನ ಗ್ರೆಗ್ ಬ್ರಾಕ್‌ಮನ್ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಒಂದು ಜೋಕುಗಳ ಪುಟದ ರೂಪ ಗೀಚಿ, ಫೋಟೊ ತೆಗೆದು ತಮ್ಮ ಕಂಪನಿಯ ಎಐ ಮಾದರಿ ಜಿಪಿಟಿ-4ಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಕೆಲಸ ಮಾಡುವ ಪುಟ ಬಂತು. ಗೀಚಿದ್ದು ಒರಟಾಗಿದ್ದರೂ ಅಲ್ಲಿ ಬರೆದದ್ದನ್ನು ಅದು ಓದಿತು, ಬಟನ್ ಒತ್ತಿದರೆ ಉತ್ತರ ಕಾಣುವಂತೆಯೂ ಮಾಡಿತು. ಅದೇ ವರ್ಷ ವರ್ಸೆಲ್ ಕಂಪನಿಯ ‘ವಿ0’, ಟಿಎಲ್‌ಡ್ರಾ ತಂಡದ ‘ಮೇಕ್ ರಿಯಲ್’, ಮುಕ್ತವಾಗಿ ಸಿಗುವ ‘ಸ್ಕ್ರೀನ್‌ಶಾಟ್-ಟು-ಕೋಡ್’ ಸಾಲಾಗಿ ಬಂದವು.

ಇವು ಎಷ್ಟು ಚೆನ್ನಾಗಿ ಮಾಡುತ್ತವೆ ಎಂದು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೂ ಇದ್ದ ತಂಡವೊಂದು 2024ರಲ್ಲಿ ‘ಡಿಸೈನ್2ಕೋಡ್’ ಎಂಬ ಪರೀಕ್ಷೆ ರೂಪಿಸಿತು. ನಿಜವಾದ 484 ವೆಬ್ ಪುಟಗಳ ಚಿತ್ರ ಕೊಟ್ಟು ಕೋಡ್ ಬರೆಸಿದರು. ಜನರಿಗೆ ತೋರಿಸಿ ಕೇಳಿದಾಗ, ಜಿಪಿಟಿ-4 ಮಾಡಿದ ಪುಟಗಳಲ್ಲಿ 49% ಮೂಲ ಪುಟದ ಜಾಗದಲ್ಲಿ ಇಡಬಹುದಾದಷ್ಟು ಹೋಲುತ್ತಿದ್ದವು. 64% ಮೂಲಕ್ಕಿಂತಲೂ ಚೆನ್ನಾಗಿವೆ ಎಂದು ಜನ ಹೇಳಿದರು. ಬೆರಗುಪಡಬೇಕಾದ ಫಲಿತಾಂಶ. ಆದರೆ ಅಳತೆಗೋಲು ಯಾವುದೆಂದು ಗಮನಿಸಿ: ಬಣ್ಣ, ಸ್ಥಾನ, ಅಕ್ಷರ, ಒಟ್ಟು ನೋಟ. ಪುಟದ ಚಿತ್ರವನ್ನು ಚಿತ್ರದ ಜೊತೆಗೇ ಹೋಲಿಸಿದ್ದು. ಕೀಲಿಮಣೆಯಲ್ಲಿ ಅದು ನಡೆಯುತ್ತದೆಯೇ, ಅಕ್ಷರ ಇಮ್ಮಡಿ ಮಾಡಿದರೆ ಉಳಿಯುತ್ತದೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅರ್ಧ ಪಾರದರ್ಶಕ ಚಿತ್ರ ಹೊದಿಸಿ ನೋಡುತ್ತಿದ್ದವರ ಪರೀಕ್ಷೆಯೇ ಯಂತ್ರದ ಕಾಲದಲ್ಲೂ ಮುಂದುವರಿದಿದೆ.

ಸ್ಥಾನದಿಂದ ಸಂಬಂಧಕ್ಕೆ

ಇನ್ನೊಂದು ಹಾದಿಯೂ ಇದೆ, ನನಗೆ ಅದರ ಮೇಲೇ ಹೆಚ್ಚು ಭರವಸೆ. ಯಂತ್ರಕ್ಕೆ ಚಿತ್ರ ಓದಲು ಕಲಿಸುವ ಬದಲು ಚಿತ್ರದೊಳಗೇ ಹೆಚ್ಚು ಅರ್ಥ ಇಡುವ ಹಾದಿ ಅದು. 2007ರ ಐಫೋನ್ ಆದಮೇಲೆ ಒಂದೇ ಅಳತೆಯ ಪರದೆ ಎಂಬುದು ಮುಗಿದ ಕತೆ. 2010ರ ಮೇ ತಿಂಗಳಿನಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂಬ ಲೇಖನ ಬರೆದು, ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ಒಂದೇ ಪುಟ ಹೇಗೆ ಮಾಡಬಹುದೆಂದು ತೋರಿಸಿದರು. ಅಂದಿನಿಂದ ಫೋಟೊಶಾಪಿನ ಒಂದು ಚಿತ್ರ ಸಾಲದಾಯಿತು. ಅದೇ ವರ್ಷ ‘ಸ್ಕೆಚ್’ ಎಂಬ ಡಿಸೈನ್ ತಂತ್ರಾಂಶ ಬಂತು, 2016ರಲ್ಲಿ ಬ್ರೌಸರಿನೊಳಗೇ ಕೆಲಸ ಮಾಡುವ ಫಿಗ್ಮಾ ಎಲ್ಲರಿಗೂ ತೆರೆಯಿತು. ಫಿಗ್ಮಾದ ಮಹತ್ವ ಎಷ್ಟಾಯಿತೆಂದರೆ 2022ರಲ್ಲಿ ಫೋಟೊಶಾಪ್ ಮಾಡುವ ಅಡೋಬಿ ಕಂಪನಿ ಅದನ್ನು 2,000 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ನಿಯಂತ್ರಕರ ತಕರಾರಿನಿಂದ 2023ರ ಡಿಸೆಂಬರಿನಲ್ಲಿ ಆ ಒಪ್ಪಂದ ಮುರಿದುಬಿತ್ತು.

ಕೋಡಿನ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದದ್ದು 2019ರ ಡಿಸೆಂಬರಿನಲ್ಲಿ ಫಿಗ್ಮಾಕ್ಕೆ ಸೇರಿದ ‘ಆಟೊ ಲೇಔಟ್’. ಅಲ್ಲಿಯತನಕ ಡಿಸೈನ್ ಫೈಲಿಗೆ ಗೊತ್ತಿದ್ದದ್ದು ಬಹುಪಾಲು ಸ್ಥಾನವೇ: ಈ ಅಕ್ಷರ ಎಡದಿಂದ 16, ಮೇಲಿನಿಂದ 432. ಇದನ್ನು ಹಾಗೇ ಕೋಡಿಗೆ ಇಳಿಸಿದರೆ ಪ್ರತಿಯೊಂದೂ ತನ್ನ ಜಾಗಕ್ಕೆ ಮೊಳೆ ಹೊಡೆದು ಕೂತಿರುತ್ತದೆ. ಪರದೆ ಚಿಕ್ಕದಾದರೆ ಒಂದರ ಮೇಲೊಂದು ಬೀಳುತ್ತದೆ. ಆಟೊ ಲೇಔಟ್ ಬಂದಮೇಲೆ ಫೈಲು ಸಂಬಂಧವನ್ನು ಹೇಳತೊಡಗಿತು: ಇವೆರಡರ ನಡುವೆ 8ರ ಅಂತರ, ಒಳಗಿನ ಮಾತು ಬೆಳೆದರೆ ಪೆಟ್ಟಿಗೆಯೂ ಬೆಳೆಯಲಿ. ಬ್ರೌಸರುಗಳು ಫ್ಲೆಕ್ಸ್‌ಬಾಕ್ಸ್ ಹೆಸರಿನಲ್ಲಿ ಪಾಲಿಸುತ್ತಿದ್ದ ನಿಯಮವೂ ಬಹುಪಾಲು ಇದೇ. ಡಿಸೈನನ್ನು ಕೋಡಾಗಿಸುವ ಅನಿಮಾ, ಲೋಕೊಫೈ, ಬಿಲ್ಡರ್‌ನಂಥ ಪ್ಲಗಿನ್‌ಗಳ ಕೋಡು ಓದುವಂತಾಗುವುದೂ ಹೀಗೆ ಸಂಬಂಧ ಹೇಳುವ ಫೈಲುಗಳಿಂದಲೇ. 2023ರಲ್ಲಿ ಫಿಗ್ಮಾದಲ್ಲಿ ಡೆವಲಪರುಗಳಿಗೆಂದೇ ‘ಡೆವ್ ಮೋಡ್’ ಬಂತು. 2025ರಲ್ಲಿ, ಕೋಡ್ ಬರೆಯುವ ಎಐ ನೇರವಾಗಿ ಡಿಸೈನ್ ಫೈಲಿನ ರಚನೆಯನ್ನೇ ಕೇಳಿ ಪಡೆಯುವಂತೆ ಫಿಗ್ಮಾ ಒಂದು ಕೊಂಡಿ ಕೊಟ್ಟಿತು. ಪಿಕ್ಸೆಲ್ ನೋಡಿ ಊಹಿಸುವ ಬದಲು, ಇದು ನಮ್ಮ ಮುಖ್ಯ ಬಟನ್ನು, ಬಣ್ಣದ ಹೆಸರು ಇದು ಎಂದು ಯಂತ್ರಕ್ಕೆ ಬಾಯಿಬಿಟ್ಟು ಹೇಳುವ ಏರ್ಪಾಡು.

ಹೇಳಿದ್ದರೆ ತಾನೇ ಕೇಳಿಸುವುದು! ಅವಸರದಲ್ಲಿ ಮಾಡಿದ ಫೈಲ್ ತೆರೆದು ನೋಡಿ, ಲೇಯರುಗಳ ಹೆಸರು ‘ಫ್ರೇಮ್ 1321’, ‘ರೆಕ್ಟ್ಯಾಂಗಲ್ 47’ ಎಂದು ಸಾಲಾಗಿ ನಿಂತಿರುತ್ತವೆ. ಆ ರೆಕ್ಟ್ಯಾಂಗಲ್ 47 ಒಂದು ಬಟನ್ನು. ನೀಲಿ ಬಣ್ಣ, 48 ಎತ್ತರ, ದುಂಡನೆಯ ಮೂಲೆ, ಮೇಲೆ ಬಿಳಿ ಅಕ್ಷರದಲ್ಲಿ ‘ಮುಂದುವರಿಯಿರಿ’. ಸಲಕರಣೆ ಅದನ್ನು ‘ಡಿವ್’ ಎಂಬ ಖಾಲಿ ಪೆಟ್ಟಿಗೆಯಾಗಿ ಬರೆದು ನೀಲಿ ಬಳಿದು ಕೊಟ್ಟಿತೆನ್ನಿ. ಕಣ್ಣಿಗೆ ತದ್ರೂಪು, ಇಲಿ ಒತ್ತಿದರೆ ಕೆಲಸವೂ ಮಾಡುತ್ತದೆ. ಟ್ಯಾಬ್ ಕೀಲಿ ಒತ್ತಿಕೊಂಡು ಬರುವವರಿಗೆ ಅದು ಸಿಗುವುದೇ ಇಲ್ಲ, ದಾಟಿಸಿಕೊಂಡು ಹೋಗುತ್ತದೆ. ಸ್ಕ್ರೀನ್ ರೀಡರ್ ‘ಮುಂದುವರಿಯಿರಿ’ ಎಂದು ಓದುತ್ತದೆ, ಇದು ಒತ್ತಬೇಕಾದ್ದು ಎಂದು ಹೇಳುವುದಿಲ್ಲ. ಎಚ್‌ಟಿಎಂಎಲ್‌ನಲ್ಲಿ ‘ಬಟನ್’ ಎಂಬ ಅಂಶವೇ ಇದೆ; ಅದನ್ನು ಬರೆದರೆ ಇವೆರಡೂ ಪುಕ್ಕಟೆಯಾಗಿ ಸಿಗುತ್ತವೆ. ಈಗಿನ ಒಳ್ಳೆಯ ಎಐ ಮಾದರಿಗಳು ಬಹುಮಟ್ಟಿಗೆ ಸರಿಯಾಗಿಯೇ ಬರೆಯುತ್ತವೆ, ಒಪ್ಪೋಣ. ಆದರೆ ಹಣ ಕಟ್ಟುವ ಪುಟದಲ್ಲಿ ನೆಟ್ ನಿಧಾನವಿದ್ದು ಜನ ಅದನ್ನೇ ಎರಡು ಸಲ ಒತ್ತಿದರೆ ಏನಾಗಬೇಕು? ಒತ್ತಿದ ಮೇಲೆ ಬಟನ್ನು ಮಂಕಾಗಬೇಕೇ, ‘ದಯವಿಟ್ಟು ಕಾಯಿರಿ’ ಎನ್ನಬೇಕೇ? ಚಿತ್ರದಲ್ಲಿ ನೀಲಿ ಪೆಟ್ಟಿಗೆ ಒಂದೇ ಇದೆ.

ಗದಗದಲ್ಲಿ ಸರಿ, ಚಿಕ್ಕಬಳ್ಳಾಪುರದಲ್ಲಿ?

ಕನ್ನಡದ ಪುಟಕ್ಕೆ ಬಂದರೆ ಕೈ ತಡೆಯುವ ಜಾಗಗಳು ಇನ್ನೂ ಹೆಚ್ಚು. ಜಿಲ್ಲೆ ಆರಿಸುವ ಒಂದು ಸಾಲನ್ನೇ ತೆಗೆದುಕೊಳ್ಳಿ. ಡಿಸೈನರ್ ಮಾದರಿಗಾಗಿ ‘ಗದಗ’ ಎಂದು ಬರೆದಿದ್ದಾರೆ. ಮೂರೇ ಅಕ್ಷರ, ಒತ್ತಕ್ಷರ ಇಲ್ಲ, ಕೊಂಬು ದೀರ್ಘಗಳ ಗೋಜಿಲ್ಲ. ಇಂಗ್ಲಿಷಿಗೆ ಹೊಂದಿಸಿದ 16ರ ಅಕ್ಷರ, 20ರ ಸಾಲೆತ್ತರದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಸಲಕರಣೆ ಅದನ್ನು ಹಾಗೆಯೇ ಕೋಡಿಗೆ ಇಳಿಸುತ್ತದೆ: ಎತ್ತರ 20, ಉದ್ದವಾದರೆ ಕೊನೆಗೆ ಮೂರು ಚುಕ್ಕಿ. ಮೂರು ಚುಕ್ಕಿ ಬರಬೇಕೆಂದರೆ ಪೆಟ್ಟಿಗೆಯ ಆಚೆ ಹೋದದ್ದನ್ನು ಮರೆಮಾಡು ಎಂಬ ನಿಯಮವೂ ಜೊತೆಗೆ ಬೇಕು. ಆ ನಿಯಮ ಪಕ್ಕಕ್ಕೆ ಹೋದದ್ದನ್ನಷ್ಟೇ ಅಲ್ಲ, ಕೆಳಗೆ ಇಳಿದದ್ದನ್ನೂ ಕತ್ತರಿಸುತ್ತದೆ.

ಈಗ ‘ಚಿಕ್ಕಬಳ್ಳಾಪುರ’ ಬರಲಿ. ಕಕಾರದ ಒತ್ತು, ಳಕಾರದ ಒತ್ತು ಎರಡೂ ಸಾಲಿನಿಂದ ಕೆಳಗೆ ಇಳಿಯುತ್ತವೆ. ಫಾಂಟು ಒತ್ತನ್ನು ಎಷ್ಟು ಕೆಳಗೆ ಇಳಿಸುತ್ತದೆ ಎಂಬುದರ ಮೇಲೆ ಅದು ಅರ್ಧ ಕಾಣಬಹುದು, ಇಲ್ಲವೇ ಪೂರ್ತಿ ಹೋಗಬಹುದು. ಒತ್ತು ಹೋದರೆ ಹಳ್ಳಿ ಹಳಿಯಾಗುತ್ತದೆ, ಕತ್ತೆ ಕತೆಯಾಗುತ್ತದೆ. ಇಂಗ್ಲಿಷಿನಲ್ಲಿ ‘ಜಿ’ ಅಕ್ಷರದ ಬಾಲ ಸ್ವಲ್ಪ ತುಂಡಾದರೂ ಓದುವವರು ‘ಜಿ’ ಎಂದೇ ಓದುತ್ತಾರೆ. ನಮ್ಮಲ್ಲಿ ತುಂಡಾಗುವುದು ಒಂದು ಇಡೀ ವ್ಯಂಜನ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’ ಮುಂತಾದ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಅವುಗಳಿಗೆ ಸಾಲೆತ್ತರ ಧಾರಾಳವಾಗಿ ಬೇಕು, ಎತ್ತರವನ್ನು ಕಟ್ಟಿಹಾಕಲೇಬಾರದು.

ಹೆಸರುಗಳು ಇದ್ದ ಹಾಗೇ ಇರುವುದೂ ಇಲ್ಲ. 2025ರಲ್ಲಿ ರಾಜ್ಯ ಸರ್ಕಾರ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ತೀರ್ಮಾನಿಸಿತು. ಒತ್ತಿಲ್ಲದ ಐದಕ್ಷರದ ಜಾಗಕ್ಕೆ ಕ್ಷಕಾರ ಇರುವ ಎರಡು ಪದಗಳು. ಅಳತೆ ಕಟ್ಟಿದ ಪೆಟ್ಟಿಗೆಗಳಿಗೆ ಅಂದೇ ಕಷ್ಟ ಶುರು.

ಇನ್ನೊಂದು ತೊಡಕು ನಮ್ಮ ಡಿಟಿಪಿ ಪರಂಪರೆಯಿಂದ ಬಂದದ್ದು. ಫೋಟೊಶಾಪ್ ಬಹುಕಾಲ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತಿರಲಿಲ್ಲ. ಆದ್ದರಿಂದ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಕೆಲಸ ನಡೆಯಿತು, ಈಗಲೂ ಎಷ್ಟೋ ಕಡೆ ನಡೆಯುತ್ತಿದೆ. ಆ ಫಾಂಟುಗಳ ಒಳಗೆ ಇರುವುದು ಕನ್ನಡದ ಯೂನಿಕೋಡ್ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸಿದ್ದು. ಅಂಥ ಫೈಲನ್ನು ಕೋಡಾಗಿಸುವ ಪ್ಲಗಿನ್‌ಗೆ ಕೊಟ್ಟರೆ ಅದು ಲೇಯರಿನ ಪಠ್ಯವನ್ನು ಪ್ರಾಮಾಣಿಕವಾಗಿ ಎತ್ತಿಕೊಳ್ಳುತ್ತದೆ. ಪುಟದಲ್ಲಿ ಮೂಡುವುದು ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ ‘ಎ’ಗಳ ಕಲಸುಮೇಲೋಗರ. ಚಿತ್ರ ಓದುವ ಎಐಗೆ ಕೊಟ್ಟರೆ ಕನ್ನಡವೇ ಬರುತ್ತದೆ, ಆದರೆ ಒಂದೆರಡು ಒತ್ತು, ದೀರ್ಘ ತಪ್ಪುವುದುಂಟು. ಎರಡೂ ಕಡೆ ಕನ್ನಡ ಬಲ್ಲವರೊಬ್ಬರು ಅಕ್ಷರ ಅಕ್ಷರ ಕೂತು ನೋಡಲೇಬೇಕು.

ಪುಟದ ತಲೆಯಲ್ಲಿ ಭಾಷೆ ಯಾವುದೆಂದು ಹೇಳುವ ಒಂದು ಪುಟ್ಟ ಗುರುತೂ ಇರುತ್ತದೆ. ಚಿತ್ರದಿಂದ ಹುಟ್ಟಿದ ಕೋಡಿನಲ್ಲಿ ಅದು ಸಾಮಾನ್ಯವಾಗಿ ಇಂಗ್ಲಿಷ್ ಎಂದೇ ಬಂದಿರುತ್ತದೆ. ಯಾರ ಕಣ್ಣಿಗೂ ಬೀಳದ ತಪ್ಪು ಇದು. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರಿಗೆ ಕನ್ನಡ ಓದುವ ದನಿ ಲಭ್ಯವಿದೆ, ಯಾವ ದನಿ ಬೇಕೆಂದು ಅದು ಆರಿಸಿಕೊಳ್ಳುವಾಗ ಈ ಗುರುತನ್ನೂ ನೋಡುತ್ತದೆ. ಕನ್ನಡದ ಪುಟ ತನ್ನನ್ನು ತಾನು ಇಂಗ್ಲಿಷ್ ಎಂದು ಹೇಳಿಕೊಂಡರೆ ದನಿ ದಿಕ್ಕುತಪ್ಪುತ್ತದೆ.

ಕಲಿತ ಪಾಠವೇ ಸೊಟ್ಟ

ಈ ಯಂತ್ರಗಳು ಕೋಡ್ ಕಲಿತದ್ದು ಎಲ್ಲಿಂದ? ಇರುವ ವೆಬ್‌ನಿಂದ. ಆ ವೆಬ್ ಹೇಗಿದೆ ಎಂದು ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ವೆಬ್‌ಏಮ್ ಸಂಸ್ಥೆ 2019ರಿಂದ ಪ್ರತಿವರ್ಷ ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸಿ ವರದಿ ಕೊಡುತ್ತಿದೆ. 2025ರಲ್ಲಿ 94.8% ಪುಟಗಳಲ್ಲಿ, ಯಂತ್ರವೇ ಪತ್ತೆಹಚ್ಚಬಲ್ಲಂಥ ಸುಗಮತೆಯ (ಆಕ್ಸೆಸಿಬಿಲಿಟಿ) ದೋಷ ಇತ್ತು. ಎಲ್ಲಕ್ಕಿಂತ ಹೆಚ್ಚಿನದು ಮಂಕು ಅಕ್ಷರ. ಡಿಸೈನರುಗಳಿಗೆ ಪ್ರಿಯವಾದ 999 ಸಂಖ್ಯೆಯ ಬೂದು ಬಣ್ಣ ಬಿಳಿಯ ಮೇಲೆ ಸುಮಾರು 2.85ರ ಕಾಂಟ್ರಾಸ್ಟ್ ಅನುಪಾತ ಕೊಡುತ್ತದೆ. ಸಾಮಾನ್ಯ ಅಳತೆಯ ಅಕ್ಷರಕ್ಕೆ ಸುಗಮತೆಯ ಮಾನದಂಡ ಕೇಳುವುದು 4.5. ಬಿಸಿಲಿನಲ್ಲಿ ನಿಂತು ಮೊಬೈಲ್ ನೋಡುವವರು, ಅರವತ್ತು ದಾಟಿದವರು ಈ ಬೂದು ಅಕ್ಷರವನ್ನು ಓದಲಾರದೆ ಪಕ್ಕದವರ ಕೈಗೆ ಫೋನ್ ಕೊಡುತ್ತಾರೆ. ಚಿತ್ರದಲ್ಲಿ ಬೂದು ಇದ್ದರೆ ಕೋಡಿನಲ್ಲೂ ಬೂದು. ಸಲಕರಣೆ ನಿಷ್ಠೆಯಿಂದ ನಕಲು ಮಾಡಿದಷ್ಟೂ ದೋಷವೂ ನಿಷ್ಠೆಯಿಂದ ಇಳಿದುಬರುತ್ತದೆ.

ಇದನ್ನು ಸೌಜನ್ಯದ ಪ್ರಶ್ನೆ ಎಂದು ಬದಿಗಿಡುವ ಕಾಲ ನಮ್ಮ ದೇಶದಲ್ಲಿ ಮುಗಿದಿದೆ. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು ಗುರುತು ದೃಢಪಡಿಸುವ ಬ್ಯಾಂಕಿನ ಇ-ಕೆವೈಸಿ ಮಾಡಲಾರದೆ ಸುಪ್ರೀಂ ಕೋರ್ಟಿಗೆ ಹೋದರು. ಪರದೆ ಅವರಿಗೆ ಕಣ್ಣು ಮಿಟುಕಿಸಿ ಎನ್ನುತ್ತಿತ್ತು. ಮಿಟುಕಿಸಲು ರೆಪ್ಪೆ ಇಲ್ಲದವರಿಗೆ ಅಲ್ಲಿ ಬೇರೆ ದಾರಿ ಇರಲಿಲ್ಲ. ದೃಷ್ಟಿ ಇಲ್ಲದವರೊಬ್ಬರ ಅರ್ಜಿಯೂ ಜೊತೆಗಿತ್ತು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಆ ಕೆವೈಸಿ ಪರದೆಗಳ ಚಿತ್ರ ನೋಡಿದ್ದರೆ ಯಾರಿಗೂ ಕೊರತೆ ಕಾಣುತ್ತಿರಲಿಲ್ಲ. ಮುಖಕ್ಕೊಂದು ವೃತ್ತ, ಕೆಳಗೊಂದು ಸೂಚನೆ, ಎಲ್ಲ ಸರಿಯಾಗಿಯೇ ಇತ್ತು. ಮಿಟುಕಿಸಲು ಆಗದವರು ಏನು ಮಾಡಬೇಕು ಎಂದು ಯಾರಾದರೂ ಎದ್ದು ಹೋಗಿ ಕೇಳಬೇಕಿತ್ತು.

ಹಾಗಾದರೆ ಈ ಸಲಕರಣೆಗಳು ಬೇಡವೇ? ಖಂಡಿತ ಬೇಕು. ತಾಲ್ಲೂಕಿನ ಗ್ರಂಥಾಲಯಕ್ಕೆ, ಯಕ್ಷಗಾನ ಮೇಳಕ್ಕೆ, ನೇಕಾರರ ಸಹಕಾರ ಸಂಘಕ್ಕೆ ಒಂದು ಪುಟ ಮಾಡಿಸಲು ಕೈಯಲ್ಲಿ ಕಾಸಿಲ್ಲದೆ ಸುಮ್ಮನಿದ್ದವರು ಈಗ ಕಾಗದದ ಮೇಲೆ ಬರೆದು, ಸಂಜೆಯೊಳಗೆ ತಮ್ಮದೇ ಫೋನಿನಲ್ಲಿ ಅದನ್ನು ನೋಡಬಹುದು. ಡಿಸೈನರಿಗೂ ತನ್ನ ಕಲ್ಪನೆ ಕೈಯಲ್ಲಿ ಹಿಡಿದರೆ ಹೇಗಿರುತ್ತದೆಂದು ಅದೇ ದಿನ ಗೊತ್ತಾಗುತ್ತದೆ. ಅಂತರ ಅಳೆದು, ಬಣ್ಣದ ಸಂಖ್ಯೆ ನಕಲು ಮಾಡುತ್ತ ಕಳೆದ ಗಂಟೆಗಳಿಗೆ ಯಾರೂ ಮರುಗಬೇಕಾಗಿಲ್ಲ. ಉಳಿದ ಗಂಟೆಗಳು ಏನಾಗುತ್ತವೆ ಎಂಬುದೇ ನನಗೆ ಮುಖ್ಯ. ಇನ್ನೂ ನಾಲ್ಕು ಪುಟ ಉತ್ಪಾದಿಸಲು ಹೋದರೆ ದೋಷವೂ ನಾಲ್ಕು ಪಟ್ಟು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಚಿತ್ರ ಕೊಟ್ಟು ಪುಟ ಮಾಡಿಸುತ್ತಿದ್ದ ಕಾಲದಲ್ಲಿ ಅವರು ಪ್ರಶ್ನೆ ಕೇಳಲು ಕಲಿಯುತ್ತಿದ್ದರು. ಈಗ ಯಂತ್ರ ಕೊಟ್ಟ ಪುಟವನ್ನು ಅವರ ಮುಂದಿಟ್ಟು ‘ಇದನ್ನು ಕೆಡಿಸಿ ತೋರಿಸಿ’ ಎನ್ನಬೇಕು: ಖಾಲಿ ಪಟ್ಟಿ ಹಾಕಿ, ಉದ್ದದ ಹೆಸರು ಹಾಕಿ, ಇಲಿ ಮುಟ್ಟದೆ ಮುಗಿಸಿ, ಅಕ್ಷರ ಇಮ್ಮಡಿ ಮಾಡಿ, ಕಣ್ಣು ಮುಚ್ಚಿ ಸ್ಕ್ರೀನ್ ರೀಡರಿನಲ್ಲಿ ಕೇಳಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಫಿಗ್ಮಾದ ಬಟನ್ನಿಗೂ ತಂಡದವರು ಮೊದಲೇ ಬರೆದು ಪರೀಕ್ಷಿಸಿದ ಕೋಡಿನ ಬಟನ್ನಿಗೂ ಗಂಟುಹಾಕುವ ‘ಕೋಡ್ ಕನೆಕ್ಟ್’ನಂಥ ಏರ್ಪಾಡು ಈಗ ಇದೆ. ಗಂಟು ಹಾಕಿದ್ದರೆ ಎಐ ಹೊಸ ಬಟನ್ನನ್ನು ಕಲ್ಪಿಸಲು ಹೋಗುವುದಿಲ್ಲ, ಇರುವುದನ್ನು ಎತ್ತಿಕೊಳ್ಳುತ್ತದೆ. ಅಂದಮೇಲೆ ಕನ್ನಡದ ಪುಟಗಳಿಗೆಂದೇ ಒಂದು ಭಾಗಗಳ ಕಟ್ಟು ಮುಕ್ತವಾಗಿ ಇರಬೇಕು: ಎರಡೆರಡು ಒತ್ತು ಬಂದರೂ ಕತ್ತರಿಸದ ಬಟನ್ನು, 31 ಜಿಲ್ಲೆಗಳ ಹೆಸರು ಹಾಕಿ ನೋಡಿದ ಆಯ್ಕೆಪಟ್ಟಿ, ತಪ್ಪು ತುಂಬಿದಾಗ ಕನ್ನಡದಲ್ಲೇ ಏನು ತಪ್ಪೆಂದು ಹೇಳುವ ಅರ್ಜಿ ನಮೂನೆ, ಭಾಷೆ ಕನ್ನಡವೆಂದು ತಾನೇ ಹೇಳಿಕೊಳ್ಳುವ ಪುಟದ ಚೌಕಟ್ಟು. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಿರೋ ಕನ್ನಡ, ಬಲೂ ತಮ್ಮ ಮೊದಲಾದ ಫಾಂಟುಗಳು ಈಗಾಗಲೇ ಯಾರು ಬೇಕಾದರೂ ಬಳಸುವಂತೆ ಇವೆ. ಕಾಲೇಜಿನ ಒಂದು ತರಗತಿ, ಇಬ್ಬರು ಅನುಭವಿ ಡೆವಲಪರುಗಳು, ಸ್ಕ್ರೀನ್ ರೀಡರ್ ದಿನಾ ಬಳಸುವ ಒಬ್ಬರು ಜೊತೆ ಕೂತರೆ ಒಂದು ಸೆಮಿಸ್ಟರಿನಲ್ಲಿ ಮೊದಲ ಆವೃತ್ತಿ ಹೊರಬರಬಹುದು. ಆಮೇಲೆ ಯಾವ ಕಂಪನಿಯ ಯಾವ ಸಲಕರಣೆ ಬಂದರೂ ಅದು ಎತ್ತಿಕೊಳ್ಳುವುದು ಈ ಭಾಗಗಳನ್ನೇ.